ಕೆಡುವ ಮುನ್ನ ಕಾಯುವ ವಿದ್ಯೆ
ಗಣಕಯಂತ್ರದೊಳಗಿನ ಅಣಕು ಕಾರ್ಖಾನೆ ಕಲಿಸುವ ಯಂತ್ರಪಾಲನೆಯ ಪಾಠ

ಎತ್ತಿನ ಗಾಡಿ ಕಟ್ಟಿಕೊಂಡು ಸುತ್ತೂರು ಜಾತ್ರೆಗೆ ಹೊರಡುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಹೊರಡುವ ಹಿಂದಿನ ಸಂಜೆ ಮನೆಯ ಯಜಮಾನರು ಕಡಾಣಿಯನ್ನು ಕಿತ್ತು, ಚಕ್ರವನ್ನು ಹೊರಕ್ಕೆ ಸರಿಸಿ, ಅಚ್ಚಿಗೆ ಕೀಲೆಣ್ಣೆ ಬಳಿಯುತ್ತಿದ್ದರು. ಹರಳೆಣ್ಣೆಗೆ ಹುಲ್ಲಿನ ಕರಿ ಬೆರೆಸಿದ ಆ ಕಪ್ಪು ಜಿಡ್ಡು ಕೈಗೆ ಹತ್ತಿದರೆ ಬೇಗನೆ ಬಿಡುತ್ತಿರಲಿಲ್ಲ. ಆ ಕೆಲಸಕ್ಕೆ ಹೊಗಳಿಕೆಯೂ ಇರಲಿಲ್ಲ. ಗಾಡಿ ಸುಖವಾಗಿ ಜಾತ್ರೆ ಸೇರಿದರೆ ಎಲ್ಲರೂ ಎತ್ತುಗಳನ್ನು ಕೊಂಡಾಡುತ್ತಿದ್ದರು. ನಡುದಾರಿಯಲ್ಲಿ ಅಚ್ಚು ಮುರಿದು ಹೆಂಗಸರು ಮಕ್ಕಳು ಬಿಸಿಲಿನಲ್ಲಿ ಕುಳಿತಾಗ ಮಾತ್ರ ಕೀಲೆಣ್ಣೆಯ ನೆನಪಾಗುತ್ತಿತ್ತು.

ಗಾಡಿಗೆ ಇದ್ದುದು ಒಂದೇ ಅಚ್ಚು, ಎರಡೇ ಚಕ್ರ. ಇಂದಿನ ಒಂದು ಕಾರ್ಖಾನೆಯಲ್ಲಿ ತಿರುಗುವ, ಉಜ್ಜುವ, ಕಾಯುವ ಭಾಗಗಳು ಸಾವಿರಾರು. ಯಾವುದಕ್ಕೆ ಎಂದು ಎಣ್ಣೆ ಹಾಕಬೇಕು? ಯಾವುದನ್ನು ಕೆಡುವ ಮುನ್ನವೇ ಬದಲಿಸಬೇಕು? ಯಾವುದನ್ನು ಕೆಡುವವರೆಗೆ ಮುಟ್ಟದೆ ಬಿಡಬೇಕು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ವಿದ್ಯೆಗೆ ಯಂತ್ರ ನಿರ್ವಹಣೆ, ಕಾರ್ಖಾನೆಯ ಮಾತಿನಲ್ಲಿ ‘ಮೇಂಟೆನೆನ್ಸ್’, ಎಂದು ಹೆಸರು. ಇದನ್ನು ಕಲಿಸಲು ಗಣಕಯಂತ್ರವು ಹೇಗೆ ನೆರವಾಗುತ್ತದೆ, ಹಾಗೂ ಆ ಪಾಠದಲ್ಲಿ ನಮ್ಮ ಕುಟುಂಬಗಳಿಗೆ ಏನು ಸಂಬಂಧ ಎಂಬುದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮೇಟಗಳ್ಳಿಯ ಯಂತ್ರಲೋಕ

ಮೈಸೂರಿನಿಂದ ಕೃಷ್ಣರಾಜಸಾಗರದ ಕಡೆಗೆ ಹೊರಟರೆ ದಾರಿಯಲ್ಲಿ ಮೇಟಗಳ್ಳಿ ಸಿಗುತ್ತದೆ. ಒಂದು ಕಾಲಕ್ಕೆ ನಗರದ ಹೊರಗಿನ ಹಳ್ಳಿಯಾಗಿದ್ದ ಈ ಊರನ್ನು ಇಂದು ಹೆಬ್ಬಾಳ, ಹೂಟಗಳ್ಳಿ, ಬೆಳಗೊಳ ಕೈಗಾರಿಕಾ ಪ್ರದೇಶಗಳು ಸುತ್ತುವರಿದಿವೆ. ‘ವಿಕ್ರಾಂತ್’ ಎಂಬ ಹೆಸರಿನಿಂದ ನಾಡಿಗೆಲ್ಲ ಪರಿಚಿತವಾಗಿ, 1997ರಲ್ಲಿ ಜೆ.ಕೆ. ಸಂಸ್ಥೆಯ ಆಡಳಿತಕ್ಕೆ ಬಂದ ಟೈರು ಕಾರ್ಖಾನೆ ಇಲ್ಲಿಯದೇ. ಯುವಕರಿಗೆ ಅಚ್ಚು ಮತ್ತು ಉಪಕರಣಗಳ ತಯಾರಿಕೆಯನ್ನು ಕಲಿಸುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಮೈಸೂರು ಶಾಖೆಯೂ ಇದೇ ಭಾಗದಲ್ಲಿದೆ. ತುಸು ದೂರದ ಹೆಬ್ಬಾಳದಲ್ಲಿ ಇನ್ಫೋಸಿಸ್ ಸಂಸ್ಥೆಯ ವಿಶಾಲವಾದ ತರಬೇತಿ ಆವರಣವಿದೆ. ಹೀಗೆ ಯಂತ್ರವೂ ಗಣಕಯಂತ್ರವೂ ನೆರೆಹೊರೆಯಾಗಿ ಬಾಳುವ ಊರು ಇದು.

ಟೈರು ತಯಾರಿಕೆಯ ಒಂದು ಹಂತವನ್ನು ನಮ್ಮ ಗೃಹಿಣಿಯರು ಸುಲಭವಾಗಿ ಅರಿಯಬಲ್ಲರು. ಹಸಿ ಟೈರನ್ನು ಅಚ್ಚಿನೊಳಗಿಟ್ಟು ಉಗಿಯ ಕಾವು ಮತ್ತು ಒತ್ತಡದಿಂದ ಬೇಯಿಸಿ ಗಟ್ಟಿಗೊಳಿಸುತ್ತಾರೆ. ಇಡ್ಲಿ ಬೇಯುತ್ತಿರುವಾಗ ನಡುವೆ ಒಲೆ ಆರಿದರೆ ಆ ಇಡ್ಲಿ ಏನಾಗುತ್ತದೆ? ಮತ್ತೆ ಒಲೆ ಹೊತ್ತಿಸಿದರೂ ಅದು ಮೊದಲಿನ ಇಡ್ಲಿಯಾಗದು. ಹಾಗೆಯೇ ಬಾಯ್ಲರಿಗೆ ನೀರೂಡುವ ಒಂದು ಪಂಪು ಕೆಟ್ಟು ಉಗಿ ನಿಂತರೆ ಆ ಹೊತ್ತಿಗೆ ಅಚ್ಚುಗಳಲ್ಲಿದ್ದ ಟೈರುಗಳು ಹಾಳಾಗುವ ಸಂಭವವಿರುತ್ತದೆ. ಪಂಪಿನೊಳಗಿನ ಅಂಗೈಯಗಲದ ಒಂದು ಬೇರಿಂಗು ಇಡೀ ಪಾಳಿಯ ದುಡಿಮೆಯನ್ನು ಮಣ್ಣುಪಾಲು ಮಾಡಬಲ್ಲದು.

ಕಾರ್ಖಾನೆ ನಿಂತರೆ ನಷ್ಟ ಮಾಲೀಕನಿಗೆ ತಾನೇ ಎಂದು ಕೆಲವರು ಭಾವಿಸಬಹುದು. ಕಾರ್ಖಾನೆಯ ಬಾಗಿಲು ಮುಚ್ಚಿದಾಗ ಮನೆಗಳಲ್ಲಿ ಏನಾಗುತ್ತದೆಂಬುದನ್ನು ಮೈಸೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಂತುಹೋದುದನ್ನು ನಮ್ಮ ಪೀಳಿಗೆ ಕಂಡಿದೆ. ಕಾರ್ಖಾನೆಗಳು ಮುಚ್ಚಲು ಮಾರುಕಟ್ಟೆ, ಕಾನೂನು, ಹಣಕಾಸು ಹೀಗೆ ಹಲವು ಕಾರಣಗಳಿರುತ್ತವೆ. ಅವುಗಳಲ್ಲಿ ಬಹುಪಾಲು ಕಾರ್ಮಿಕನ ಕೈಯಲ್ಲಿಲ್ಲ. ಆದರೆ ಯಂತ್ರಗಳನ್ನು ಚೆನ್ನಾಗಿ ನೋಡಿಕೊಳ್ಳುವುದು ಒಳಗಿರುವವರ ಕೈಯಲ್ಲೇ ಇರುವ ಕೆಲಸ. ಆದುದರಿಂದಲೇ ಇದು ತಿಳಿದುಕೊಳ್ಳಬೇಕಾದ ವಿದ್ಯೆ.

ಅನುಭವವೇ ಗುರುವಲ್ಲವೇ?

ಅನುಭವಕ್ಕಿಂತ ದೊಡ್ಡ ಗುರುವಿಲ್ಲ ಎಂಬುದು ಲೋಕರೂಢಿ. ಇಪ್ಪತ್ತು ವರ್ಷ ದುಡಿದ ಫಿಟ್ಟರು ತಿರುಪುಳಿಯ ತುದಿಯನ್ನು ಬೇರಿಂಗಿನ ಮನೆಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಒಳಗಿನ ಸದ್ದನ್ನು ಕೇಳಿಯೇ ಯಂತ್ರದ ಆರೋಗ್ಯವನ್ನು ಹೇಳಬಲ್ಲ. ಆ ಜ್ಞಾನಕ್ಕೆ ನಾವು ತಲೆಬಾಗುತ್ತೇವೆ. ಆದರೆ ಯಂತ್ರ ನಿರ್ವಹಣೆಯ ತಂತ್ರವನ್ನು, ಅಂದರೆ ಯಾವ ಕೆಲಸಕ್ಕೆ ಎಷ್ಟು ಹಣ, ಎಷ್ಟು ಜನ, ಎಷ್ಟು ಸಮಯ ಎಂಬ ದೂರದೃಷ್ಟಿಯ ತೀರ್ಮಾನವನ್ನು, ಅನುಭವವೊಂದರಿಂದಲೇ ಕಲಿಯುವುದು ಕಷ್ಟ. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಫಲ ತಡವಾಗಿ ಬರುತ್ತದೆ. ಇಂದು ಎಣ್ಣೆ ಬದಲಿಸದೆ ಬಿಟ್ಟರೆ ಯಂತ್ರ ನಾಳೆಯೇ ನಿಲ್ಲುವುದಿಲ್ಲ. ಈ ವರ್ಷ ನಿರ್ವಹಣೆಯ ಖರ್ಚನ್ನು ಕಡಿತ ಮಾಡಿದ ಅಧಿಕಾರಿಗೆ ಉಳಿತಾಯದ ಮೆಚ್ಚುಗೆ ಸಿಗುತ್ತದೆ. ಎರಡು ಮೂರು ವರ್ಷಗಳ ಮೇಲೆ ಯಂತ್ರಗಳು ಒಂದರ ಹಿಂದೊಂದು ಕೆಡುವಾಗ ಆತ ಬೇರೆ ಊರಿನಲ್ಲಿರುತ್ತಾನೆ. ಎರಡನೆಯದು, ಒಳ್ಳೆಯ ಕೆಲಸದ ಫಲ ಕಣ್ಣಿಗೆ ಕಾಣುವುದಿಲ್ಲ. ಆಗದೇ ಹೋದ ಅಪಘಾತಕ್ಕೆ ಲೆಕ್ಕವಿಡುವವರು ಯಾರು? ಮೂರನೆಯದು, ಪ್ರಯೋಗ ಮಾಡಲು ಯಾರೂ ಒಪ್ಪುವುದಿಲ್ಲ. ಕಲಿಯುವ ಹುಡುಗನಿಗೆ, ಈ ಬಾಯ್ಲರನ್ನು ಆರು ತಿಂಗಳು ಮುಟ್ಟದೆ ಬಿಟ್ಟು ಏನಾಗುತ್ತದೋ ನೋಡೋಣ ಎಂದು ಹೇಳಲಾದೀತೇ?

ನಾವೂ ಇದಕ್ಕೆ ಹೊರತಲ್ಲ. ನಮ್ಮ ಮನೆಯ ಕೊಳವೆಬಾವಿಯ ಮೋಟಾರು ಕೆಲವು ದಿನಗಳಿಂದ ಮುಲುಗುಡುತ್ತಿತ್ತು. ನೀರು ಬರುತ್ತಿದೆಯಲ್ಲ, ಹಬ್ಬ ಮುಗಿಯಲಿ, ಆಮೇಲೆ ತೋರಿಸಿದರಾಯಿತು ಎಂದು ಮುಂದೂಡಿದೆವು. ಬೇಸಿಗೆಯ ನಡುವೆ, ಮನೆ ತುಂಬ ನೆಂಟರಿದ್ದ ದಿನ, ಅದು ಸುಟ್ಟುಹೋಯಿತು. ರಿಪೇರಿಗೆ ತೆತ್ತ ಹಣಕ್ಕಿಂತ ಆ ಮೂರು ದಿನ ಬಿಂದಿಗೆ ಹಿಡಿದು ಬೀದಿ ಅಲೆದುದೇ ಹೆಚ್ಚು ನೋವಾಯಿತು. ಈ ತಪ್ಪಿನ ಹೊಣೆ ಸಂಪೂರ್ಣವಾಗಿ ನಮ್ಮದೇ.

ಅಣಕು ಕಾರ್ಖಾನೆ

ಇಲ್ಲಿಯೇ ಗಣಕಯಂತ್ರದ ಪ್ರವೇಶ. ನಿಜವಾದ ವಸ್ತುವಿನ ನಡವಳಿಕೆಯನ್ನು ಲೆಕ್ಕದ ರೂಪದಲ್ಲಿ ಗಣಕದೊಳಗೆ ಕಟ್ಟಿ, ಅದನ್ನು ನಡೆಸಿ ನೋಡುವುದಕ್ಕೆ ‘ಸಿಮ್ಯುಲೇಷನ್’ ಎನ್ನುತ್ತಾರೆ. ಅದನ್ನು ಅಣಕು ಕಾರ್ಖಾನೆ ಎಂದು ಕರೆಯೋಣ. ಅಲ್ಲಿ ಪಂಪು ಕೆಟ್ಟರೆ ಯಾರಿಗೂ ಗಾಯವಿಲ್ಲ, ಒಂದು ರೂಪಾಯಿಯ ನಷ್ಟವಿಲ್ಲ. ಹತ್ತು ವರ್ಷಗಳ ಕಾಲವು ಒಂದು ಮಧ್ಯಾಹ್ನದೊಳಗೆ ಕಳೆದುಹೋಗುತ್ತದೆ. ತಪ್ಪು ಮಾಡಿದವನು ಅದರ ಫಲವನ್ನು ಊಟದ ಹೊತ್ತಿನೊಳಗೆ ಕಂಡು, ಮತ್ತೆ ಮೊದಲಿನಿಂದ ಆರಂಭಿಸಬಹುದು.

ಅಪಾಯವಿಲ್ಲದೆ ಕಲಿಸುವ ಈ ವಿಚಾರ ಹೊಸದಲ್ಲ. ಅಮೆರಿಕದ ಎಡ್ವಿನ್ ಲಿಂಕ್ ಎಂಬುವರು 1929ರಲ್ಲಿ ವಿಮಾನ ಹಾರಿಸುವುದನ್ನು ನೆಲದ ಮೇಲೆಯೇ ಕಲಿಸುವ ಅಣಕು ವಿಮಾನವೊಂದನ್ನು ಮಾಡಿದರು. ಅವರ ಮನೆತನದ ಕಸುಬು ಪಿಯಾನೋ ಮತ್ತು ಆರ್ಗನ್ ವಾದ್ಯಗಳ ತಯಾರಿಕೆ. ವಾದ್ಯಕ್ಕೆ ಗಾಳಿಯೂದುವ ತಿದಿಗಳನ್ನೇ ಬಳಸಿ ಅವರು ಆ ಪೆಟ್ಟಿಗೆಯನ್ನು ವಿಮಾನದಂತೆ ಓಲಾಡಿಸಿದರು. ಮುಂದೆ 1946ರಲ್ಲಿ ಸ್ಟಾನಿಸ್ಲಾ ಉಲಾಮ್ ಎಂಬ ಗಣಿತಜ್ಞರು ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಂಟಿಯಾಗಿ ಇಸ್ಪೀಟು ಆಡುತ್ತಿದ್ದಾಗ, ಆಟ ಗೆಲ್ಲುವ ಸಂಭವವನ್ನು ಸೂತ್ರದಿಂದ ಲೆಕ್ಕ ಹಾಕುವ ಬದಲು ನೂರಾರು ಸಲ ಆಡಿ ಎಣಿಸಿದರೆ ಸುಲಭವಲ್ಲವೇ ಎಂದು ಯೋಚಿಸಿದರು. ಆಗ ತಾನೇ ಹುಟ್ಟುತ್ತಿದ್ದ ಗಣಕಯಂತ್ರಕ್ಕೆ ಆ ಎಣಿಕೆಯ ಕೆಲಸವನ್ನು ಒಪ್ಪಿಸಲಾಯಿತು. ಜೂಜಿಗೆ ಹೆಸರಾದ ಊರಿನ ನೆನಪಿನಲ್ಲಿ ಈ ವಿಧಾನಕ್ಕೆ ‘ಮಾಂಟೆ ಕಾರ್ಲೊ’ ಎಂದು ಹೆಸರಿಟ್ಟರು. ಮನೆ ಹಾಳುಮಾಡುವ ಜೂಜಿನ ದಾಳವು ಮನೆ ಉಳಿಸುವ ಲೆಕ್ಕಕ್ಕೂ ಒದಗಿಬಂದುದು ಸೋಜಿಗವೇ ಸರಿ.

ಮನೆಯಲ್ಲೇ ಆಡಿ ನೋಡಬಹುದಾದ ಪಾಠ

ಗಣಕವು ಒಳಗೆ ಮಾಡುವುದೇನೆಂಬುದನ್ನು ತಿಳಿಯಲು ಗಣಕವೇ ಬೇಕಾಗಿಲ್ಲ. ಆರು ಮುಖದ ಎರಡು ದಾಳ, ಒಂದು ಕಾಗದ, ಒಂದು ಸೀಸದಕಡ್ಡಿ ಸಾಕು. ಪ್ರೌಢಶಾಲೆಯ ಮಕ್ಕಳು ತಂದೆತಾಯಿಯರೊಡನೆ ರಜೆಯ ದಿನ ಇದನ್ನು ಆಡಬಹುದು. ಇಲ್ಲಿನ ಹಣದ ಅಂಕಿಗಳು ಉದಾಹರಣೆಗಾಗಿ ನಾವು ಇಟ್ಟುಕೊಂಡವು.

ಒಂದು ಪಂಪಿನ ಬೇರಿಂಗು ಸವೆದು ಕೆಡುತ್ತದೆ ಎನ್ನೋಣ. ಎರಡು ದಾಳಗಳನ್ನು ಎಸೆಯಿರಿ. ಬಂದ ಮೊತ್ತದಷ್ಟು ತಿಂಗಳು ಆ ಬೇರಿಂಗಿನ ಆಯುಸ್ಸು. ಎರಡಕ್ಕಿಂತ ಕಡಿಮೆಯಿಲ್ಲ, ಹನ್ನೆರಡಕ್ಕಿಂತ ಹೆಚ್ಚಿಲ್ಲ, ಸರಾಸರಿ 7 ತಿಂಗಳು. ಓಡುತ್ತಿರುವಾಗಲೇ ಕೆಟ್ಟರೆ ನಷ್ಟ 10,000 ರೂಪಾಯಿ. ಕೆಡುವ ಮುನ್ನ ಯಂತ್ರ ನಿಲ್ಲಿಸಿ ಬದಲಿಸಿದರೆ ಖರ್ಚು 2,000 ರೂಪಾಯಿ ಮಾತ್ರ. ಈಗ ಬೇರೆ ಬೇರೆ ತಂತ್ರಗಳನ್ನು ಹೂಡಿ ನೋಡೋಣ.

ಕೆಡುವವರೆಗೂ ಮುಟ್ಟದೆ ಬಿಟ್ಟರೆ, ಬಹುಕಾಲದ ಸರಾಸರಿಯಲ್ಲಿ ತಿಂಗಳಿಗೆ ಸುಮಾರು 1,429 ರೂಪಾಯಿ ವೆಚ್ಚ ಬೀಳುತ್ತದೆ. ಆರು ತಿಂಗಳು ತುಂಬಿದ ಬೇರಿಂಗನ್ನೆಲ್ಲ ಬದಲಿಸುತ್ತ ಹೋದರೆ ಅದು ಸುಮಾರು 980 ರೂಪಾಯಿಗೆ ಇಳಿಯುತ್ತದೆ. ನಾಲ್ಕು ತಿಂಗಳಿಗೆ ಬದಲಿಸಿದರೆ ಸುಮಾರು 857 ರೂಪಾಯಿ. ಇದೇ ಅತ್ಯಂತ ಕಡಿಮೆ. ಇನ್ನೂ ಹೆಚ್ಚು ಜಾಗರೂಕರಾಗಿ ಎರಡು ತಿಂಗಳಿಗೆ ಬದಲಿಸಿದರೆ ಸುಮಾರು 1,111 ರೂಪಾಯಿಗೆ ಏರುತ್ತದೆ. ತಿಂಗಳು ತಿಂಗಳೂ ಬದಲಿಸಿದರೆ 2,000 ರೂಪಾಯಿ! ಅಂದರೆ ಏನೂ ಮಾಡದೆ ಕುಳಿತ ಸೋಮಾರಿಗಿಂತ ಅತಿ ಕಾಳಜಿಯವನಿಗೇ ಹೆಚ್ಚು ನಷ್ಟ.

ಈಗ ಆಟದ ಒಂದೇ ಒಂದು ನಿಯಮವನ್ನು ಬದಲಿಸೋಣ. ಕೆಲವು ಭಾಗಗಳು ಸವೆದು ಕೆಡುವುದಿಲ್ಲ. ಸಿಡಿಲು ಬಡಿದಂತೆ, ವಿದ್ಯುತ್ತಿನ ಏರುಪೇರಿನಿಂದ ಬಲ್ಬು ಹೋದಂತೆ, ಹಠಾತ್ತನೆ ಕೆಡುತ್ತವೆ. ಇದಕ್ಕೆ ಪ್ರತಿ ತಿಂಗಳೂ ಒಂದು ದಾಳವನ್ನು ಮಾತ್ರ ಎಸೆಯಿರಿ. ಆರು ಬಿದ್ದರೆ ಭಾಗ ಕೆಟ್ಟಿತು, ಬೇರೇನಾದರೂ ಬಿದ್ದರೆ ಉಳಿಯಿತು. ಇಲ್ಲಿ ಹಳೆಯದು ಹೊಸದು ಎಂಬ ಭೇದವಿಲ್ಲ. ಕೆಡುವವರೆಗೆ ಬಿಟ್ಟರೆ ತಿಂಗಳಿಗೆ ಸುಮಾರು 1,667 ರೂಪಾಯಿ. ಮೊದಲಿನ ಆಟದಲ್ಲಿ ನಮ್ಮನ್ನು ಗೆಲ್ಲಿಸಿದ ‘ನಾಲ್ಕು ತಿಂಗಳ’ ನಿಯಮವನ್ನು ಇಲ್ಲಿಯೂ ಪಾಲಿಸಿದರೆ ಸುಮಾರು 1,977 ರೂಪಾಯಿ! ಒಂದು ಯಂತ್ರಕ್ಕೆ ಅಮೃತವಾದುದು ಇನ್ನೊಂದಕ್ಕೆ ದಂಡವಾಯಿತು.

ಎರಡು ದಾಳಗಳ ಈ ಆಟದಲ್ಲೇ ಇಷ್ಟು ತಿಳಿವಳಿಕೆ ಅಡಗಿದೆ. ಕಾರ್ಖಾನೆಯಲ್ಲಿ ನೂರಾರು ಬಗೆಯ ಭಾಗಗಳು. ಒಂದರ ಕೆಡುಕು ಇನ್ನೊಂದಕ್ಕೆ ತಗಲುತ್ತದೆ. ಬಿಡಿಭಾಗ ಉಗ್ರಾಣದಲ್ಲಿರಬಹುದು, ಇಲ್ಲದಿರಬಹುದು. ಫಿಟ್ಟರು ಬೇರೊಂದು ಕಡೆ ಸಿಕ್ಕಿಕೊಂಡಿರಬಹುದು. ಇಷ್ಟೆಲ್ಲ ದಾಳಗಳನ್ನು ಸಾವಿರಾರು ಸಲ ಎಸೆದು ಲೆಕ್ಕವಿಡುವುದು ಮನುಷ್ಯನಿಂದ ಆಗದು. ಗಣಕವು ಅದನ್ನು ಕ್ಷಣಾರ್ಧದಲ್ಲಿ ಮಾಡುತ್ತದೆ. ವಿದ್ಯಾರ್ಥಿಯ ಕೆಲಸ ತಂತ್ರವನ್ನು ಆರಿಸುವುದು, ಫಲವನ್ನು ನೋಡುವುದು, ಹೀಗೇಕಾಯಿತೆಂದು ಯೋಚಿಸುವುದು.

ಅತಿಯಾದರೆ ಆರೈಕೆಯೂ ಕೇಡು

ಅತಿ ಕಾಳಜಿಯಿಂದ ನಷ್ಟವೆಂಬುದು ದಾಳದಾಟಕ್ಕೆ ಮಾತ್ರ ಸೀಮಿತವೇ? ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಿ.ಎಚ್. ವ್ಯಾಡಿಂಗ್ಟನ್ ಎಂಬ ಬ್ರಿಟಿಷ್ ಜೀವವಿಜ್ಞಾನಿ ಮತ್ತು ಅವರ ಸಂಗಡಿಗರು ಕಡಲಗಾವಲಿನ ಲಿಬರೇಟರ್ ವಿಮಾನಗಳ ದುರಸ್ತಿಯ ದಾಖಲೆಗಳನ್ನು ಪರಿಶೀಲಿಸಿದರು. ಪ್ರತಿ 50 ಗಂಟೆಗಳ ಹಾರಾಟಕ್ಕೊಮ್ಮೆ ಕಡ್ಡಾಯವಾಗಿ ನಡೆಯುತ್ತಿದ್ದ ತಪಾಸಣೆಯ ನಂತರ ವಿಮಾನಗಳ ದೋಷಗಳು ಕಡಿಮೆಯಾಗುವ ಬದಲು ಏರಿ, ಆಮೇಲೆ ನಿಧಾನವಾಗಿ ಇಳಿಯುತ್ತಿದ್ದುದು ಕಂಡುಬಂದಿತು. ಸರಿಯಾಗಿದ್ದುದನ್ನು ಬಿಚ್ಚಿ ಜೋಡಿಸುವುದರಿಂದಲೇ ಹೊಸ ದೋಷಗಳು ಹುಟ್ಟುತ್ತಿದ್ದವು. ಯುದ್ಧಕಾಲದ ಗುಟ್ಟಾಗಿದ್ದ ಈ ಸಂಗತಿ ಪುಸ್ತಕರೂಪದಲ್ಲಿ ಹೊರಬಂದುದು 1973ರಲ್ಲಿ.

ಮುಂದೆ 1978ರಲ್ಲಿ ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಸಂಸ್ಥೆಯ ನೌಲನ್ ಮತ್ತು ಹೀಪ್ ಎಂಬ ಎಂಜಿನಿಯರುಗಳು ವಿಮಾನದ ಭಾಗಗಳು ಕೆಡುವ ರೀತಿಯನ್ನು ಕುರಿತ ವರದಿಯೊಂದನ್ನು ಪ್ರಕಟಿಸಿದರು. ಅವರು ನೋಡಿದ ಭಾಗಗಳಲ್ಲಿ ನೂರಕ್ಕೆ 89ರಷ್ಟಕ್ಕೆ, ಇಷ್ಟು ಗಂಟೆಯಾಯಿತು ಬದಲಿಸಿ ಎಂಬ ನಿಯಮದಿಂದ ಪ್ರಯೋಜನವಿರಲಿಲ್ಲ. ಅಂಥವುಗಳಿಗೆ ವಯಸ್ಸನ್ನು ಎಣಿಸುವುದಕ್ಕಿಂತ ಸ್ಥಿತಿಯನ್ನು ಗಮನಿಸುವುದು ಮೇಲು: ಅದುರನ್ನು ಅಳೆಯುವುದು, ಕಾವನ್ನು ನೋಡುವುದು, ಎಣ್ಣೆಯಲ್ಲಿ ಲೋಹದ ಪುಡಿ ಇದೆಯೇ ಎಂದು ಪರೀಕ್ಷಿಸುವುದು. ತಿರುಪುಳಿಯನ್ನು ಕಿವಿಗಿಟ್ಟ ನಮ್ಮ ಹಳೆಯ ಫಿಟ್ಟರು ಮಾಡುತ್ತಿದ್ದುದೂ ಇದನ್ನೇ ಅಲ್ಲವೇ?

ಒಳಿತಾಗುವ ಮುನ್ನ ಕಷ್ಟ

ಅಣಕು ಕಾರ್ಖಾನೆಯಿಂದ ದೊಡ್ಡ ಸಂಸ್ಥೆಯೊಂದು ಪಾಠ ಕಲಿತ ಪ್ರಸಂಗವನ್ನು ಇಲ್ಲಿ ಹೇಳಬೇಕು. ಅಮೆರಿಕದ ಹೆಸರಾಂತ ರಾಸಾಯನಿಕ ಸಂಸ್ಥೆ ಡುಪಾಂಟ್ 1991ರಲ್ಲಿ ತನ್ನ ಕಾರ್ಖಾನೆಗಳ ನಿರ್ವಹಣೆಯನ್ನು ಉದ್ಯಮದ ಉತ್ತಮ ಕಾರ್ಖಾನೆಗಳೊಡನೆ ಹೋಲಿಸಿ ನೋಡಿತು. ತಾನು ಇತರರಿಗಿಂತ ಹೆಚ್ಚು ಹಣ ಸುರಿಯುತ್ತಿದ್ದರೂ ಯಂತ್ರಗಳು ಇತರರಿಗಿಂತ ಕಡಿಮೆ ಹೊತ್ತು ಓಡುತ್ತಿವೆ ಎಂಬ ಕಹಿ ಸತ್ಯ ಹೊರಬಿದ್ದಿತು. ಕೆಲಸಗಾರರು ಬೇಕಾದಷ್ಟಿದ್ದರೂ ಓವರ್‌ಟೈಮ್ ಹೆಚ್ಚು. ಉಗ್ರಾಣದಲ್ಲಿ ಬಿಡಿಭಾಗಗಳ ರಾಶಿಯಿದ್ದರೂ ಬೇಕಾದ ಭಾಗವನ್ನು ದುಬಾರಿ ಬೆಲೆ ತೆತ್ತು ತುರ್ತಾಗಿ ತರಿಸಬೇಕು.

ವಿನ್‌ಸ್ಟನ್ ಲೆಡೆಟ್ ಎಂಬುವರ ತಂಡವು ಮಾರ್ಕ್ ಪೈಚ್ ಎಂಬ ತಜ್ಞರೊಡನೆ ಸೇರಿ ಈ ಒಗಟನ್ನು ಗಣಕದೊಳಗೆ ಕಟ್ಟಿ ನೋಡಿತು. ಅಲ್ಲಿ ಕಂಡುದು ಒಂದು ವಿಷವರ್ತುಲ. ಖರ್ಚು ಉಳಿಸಲೆಂದು ಮುಂಜಾಗ್ರತೆಯ ಕೆಲಸಗಳನ್ನು ಕಡಿತ ಮಾಡುತ್ತಾರೆ. ಯಂತ್ರಗಳು ಹೆಚ್ಚಾಗಿ ಕೆಡುತ್ತವೆ. ಕೆಟ್ಟುದನ್ನು ತುರ್ತಾಗಿ ಸರಿಪಡಿಸಲು ಎಲ್ಲ ಫಿಟ್ಟರುಗಳೂ ಓಡಬೇಕಾಗುತ್ತದೆ. ಮುಂಜಾಗ್ರತೆಯ ಕೆಲಸಕ್ಕೆ ಜನರೇ ಉಳಿಯುವುದಿಲ್ಲ. ಯಂತ್ರಗಳು ಇನ್ನೂ ಹೆಚ್ಚಾಗಿ ಕೆಡುತ್ತವೆ. ಇಲ್ಲಿ ಸೋಮಾರಿಗಳು ಯಾರೂ ಇಲ್ಲ. ಹಗಲಿರುಳು ದುಡಿದರೂ ಎಲ್ಲರೂ ಕೆಸರಿನೊಳಗೇ ಇಳಿಯುತ್ತಾರೆ.

ಹೊರಬರುವ ದಾರಿಯನ್ನೂ ಆ ಅಣಕು ತೋರಿಸಿತು. ಆದರೆ ಆ ದಾರಿ ಮೊದಲು ಇಳಿಜಾರು, ಆಮೇಲೆ ಏರು. ಮುಂಜಾಗ್ರತೆಯ ಕೆಲಸ ಆರಂಭಿಸಿದೊಡನೆ ಚೆನ್ನಾಗಿ ಓಡುತ್ತಿರುವ ಯಂತ್ರಗಳನ್ನೂ ನಿಲ್ಲಿಸಬೇಕಾಗುತ್ತದೆ, ಖರ್ಚು ಏರುತ್ತದೆ, ಉತ್ಪಾದನೆ ತಗ್ಗುತ್ತದೆ. ಹಳೆಯ ದೋಷಗಳಿಂದಾಗಿ ಕೆಡುವ ಯಂತ್ರಗಳು ಕೆಡುತ್ತಲೇ ಇರುತ್ತವೆ. ಧೈರ್ಯಗೆಟ್ಟವರು ಈ ಹಂತದಲ್ಲಿಯೇ ಕೈಬಿಡುತ್ತಾರೆ. ಸೈರಿಸಿದವರಿಗೆ ಮಾತ್ರ ತಿಂಗಳುಗಳ ನಂತರ ಖರ್ಚು ಇಳಿಯುವುದೂ ಯಂತ್ರಗಳು ನಿಲ್ಲದೆ ಓಡುವುದೂ ಕಾಣಸಿಗುತ್ತದೆ. ಪಥ್ಯ ಹಿಡಿದ ರೋಗಿಗೆ ಮೊದಲ ವಾರ ಹೆಚ್ಚು ನಿಶ್ಶಕ್ತಿಯೆನಿಸುವುದಿಲ್ಲವೇ, ಹಾಗೆ.

ಗಣಕದ ಪರದೆಯ ಮೇಲಿನ ಗೆರೆಗಳನ್ನು ತೋರಿಸಿದರೆ ಅಧಿಕಾರಿಗಳು ತಲೆದೂಗಿ ಸುಮ್ಮನಾಗುತ್ತಾರೆ, ಕಾರ್ಮಿಕರಿಗೆ ಅದು ಮುಟ್ಟುವುದೇ ಇಲ್ಲ ಎಂದರಿತು ಆ ತಂಡವು ಗಣಕದ ಲೆಕ್ಕವನ್ನೇ ಹಲಗೆಯ ಮೇಲೆ ಆಡುವ ಆಟವಾಗಿ ಮಾರ್ಪಡಿಸಿತು. ಒಬ್ಬರು ಉತ್ಪಾದನೆಯ ಮುಖ್ಯಸ್ಥ, ಒಬ್ಬರು ನಿರ್ವಹಣೆಯ ಮುಖ್ಯಸ್ಥ, ಮತ್ತೊಬ್ಬರು ಬಿಡಿಭಾಗಗಳ ಉಸ್ತುವಾರಿ. ಫಿಟ್ಟರೂ ಮ್ಯಾನೇಜರೂ ಒಂದೇ ಮೇಜಿನ ಸುತ್ತ ಕುಳಿತು ಆಡಿದರು. ಒಬ್ಬರನ್ನೊಬ್ಬರು ದೂಷಿಸುತ್ತಿದ್ದವರು ಇನ್ನೊಬ್ಬರ ಕಷ್ಟವನ್ನು ಆಟದಲ್ಲಿ ತಾವೇ ಅನುಭವಿಸಿದರು.

ಅಮೆರಿಕದ ಒಹಾಯೊ ರಾಜ್ಯದ ಲೀಮಾ ಎಂಬ ಊರಿನ ಬಿ.ಪಿ. ಸಂಸ್ಥೆಯ ತೈಲ ಶುದ್ಧೀಕರಣಾಗಾರವು 1994ರಲ್ಲಿ ಈ ಆಟವನ್ನು ತನ್ನ ಕೆಲಸಗಾರರಿಗೆ ತಂದಿತು. ಅದು ಆಗಲೇ ಮುಪ್ಪಾದ ಕಾರ್ಖಾನೆ. ಕೆಲಕಾಲದಲ್ಲಿ ಮಾರುವ, ಕೊಳ್ಳುವವರಿಲ್ಲದಿದ್ದರೆ ಮುಚ್ಚುವ ಮಾತೂ ಬಂದಿತು. ಅಂಥ ಹೊತ್ತಿನಲ್ಲಿಯೂ ಅಲ್ಲಿಯ ಕೆಲಸಗಾರರು ತಂಡಗಳಾಗಿ ಸೇರಿ ಸಣ್ಣ ಸಣ್ಣ ದೋಷಗಳ ಮೂಲವನ್ನು ಹುಡುಕಿ ತೆಗೆಯುತ್ತ ಹೋದರು. ಪಂಪುಗಳು ಒಮ್ಮೆ ಕೆಟ್ಟು ಮತ್ತೊಮ್ಮೆ ಕೆಡುವುದರ ನಡುವಿನ ಅವಧಿ ಹಲವು ಪಟ್ಟು ಹಿಗ್ಗಿತು. 1998ರಲ್ಲಿ ಬೇರೊಂದು ಸಂಸ್ಥೆಯು ಅದನ್ನು ಕೊಂಡುಕೊಂಡಿತು, ಶುದ್ಧೀಕರಣಾಗಾರ ಮುಚ್ಚಲಿಲ್ಲ. ಆಟವೊಂದೇ ಅದನ್ನು ಉಳಿಸಿತೆಂದು ನಾವು ಹೇಳುವುದಿಲ್ಲ. ಆದರೆ ಚೆನ್ನಾಗಿ ಓಡುವ ಕಾರ್ಖಾನೆಗೆ ಕೊಳ್ಳುವವರು ಸಿಗುವುದು ಸುಲಭ ಎಂಬುದಂತೂ ನಿಜ.

ಮರೆಯಲಾಗದ ಎಚ್ಚರಿಕೆ

ನಿರ್ವಹಣೆಯಲ್ಲಿ ಹಣಕ್ಕಿಂತ ದೊಡ್ಡದಾದುದು ಪಣಕ್ಕಿರುತ್ತದೆ. ಭೋಪಾಲದಲ್ಲಿ 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಹೊರಬಿದ್ದಾಗ ಅದನ್ನು ತಡೆಯಬೇಕಾಗಿದ್ದ ಏರ್ಪಾಡುಗಳು ಇರಲಿಲ್ಲವೆಂದಲ್ಲ. ತೊಟ್ಟಿಯನ್ನು ತಂಪಾಗಿಡುವ ಶೈತ್ಯಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಅನಿಲವನ್ನು ಉರಿಸಿಬಿಡುವ ಗೋಪುರಕ್ಕೆ ಹೋಗುವ ಕೊಳವೆಯ ಒಂದು ತುಂಡನ್ನು ದುರಸ್ತಿಗೆಂದು ಬಿಚ್ಚಿಡಲಾಗಿತ್ತು. ಅನಿಲವನ್ನು ತೊಳೆಯುವ ಉಪಕರಣವೂ ಆ ಹೊತ್ತಿಗೆ ಸಿದ್ಧ ಸ್ಥಿತಿಯಲ್ಲಿರಲಿಲ್ಲ. ಸಾವಿರಾರು ಜನ ಮಲಗಿದ್ದಲ್ಲಿಯೇ, ಓಡುತ್ತಿದ್ದಲ್ಲಿಯೇ ಪ್ರಾಣಬಿಟ್ಟರು. ಒಂದೊಂದು ಏರ್ಪಾಡು ಕೆಲಸ ಮಾಡದಿದ್ದುದನ್ನೂ ಬಿಡಿಯಾಗಿ ನೋಡಿದರೆ ಸಣ್ಣದೆನಿಸಬಹುದು. ಎಲ್ಲವೂ ಒಂದೇ ರಾತ್ರಿ ಕೂಡಿಬಂದಾಗ ಅದು ಮಹಾದುರಂತವಾಯಿತು. ಇಂಥ ಕೂಡುವಿಕೆಯನ್ನು ಮುಂದಾಗಿ ಕಾಣಿಸುವುದರಲ್ಲಿಯೇ ಅಣಕು ಕಾರ್ಖಾನೆಯ ಅತ್ಯುನ್ನತ ಪ್ರಯೋಜನವಿದೆ. ಏಕೆಂದರೆ ಆ ಪಾಠವನ್ನು ನಿಜವಾದ ಕಾರ್ಖಾನೆಯಲ್ಲಿ ಯಾರೂ ಎರಡನೆಯ ಸಲ ಕಲಿಯಬಾರದು.

ನಮ್ಮ ನಾಡಿನಲ್ಲಿ ಈ ವಿದ್ಯೆ

ಈ ವಿದ್ಯೆಯನ್ನು ದೂರದ ದೇಶದ್ದೆಂದು ಭಾವಿಸಬೇಕಾಗಿಲ್ಲ. ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜನ್ನು ಜೆಎಸ್‌ಎಸ್ ಮಹಾವಿದ್ಯಾಪೀಠವು 1963ರಲ್ಲಿ ಆರಂಭಿಸಿತು. ಸುತ್ತೂರಿನ ಪರಮಪೂಜ್ಯ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ಹಳ್ಳಿಗಳ ಬಡಮಕ್ಕಳಿಗೆ ಆಶ್ರಯವಾಗಿ ಕಟ್ಟಿ ಬೆಳೆಸಿದ ವಿದ್ಯಾಪೀಠ ಅದು. ಯಂತ್ರ ನಿರ್ವಹಣೆಯನ್ನೇ ಪ್ರತ್ಯೇಕ ಸ್ನಾತಕೋತ್ತರ ವಿಷಯವನ್ನಾಗಿ ಬೋಧಿಸಿದ ಹಿರಿಮೆ ಈ ಕಾಲೇಜಿಗಿದೆ. 2016ರಿಂದ ಅದು ಜೆಎಸ್‌ಎಸ್ ವಿಜ್ಞಾನ ಮತ್ತು ತಾಂತ್ರಿಕ ವಿಶ್ವವಿದ್ಯಾನಿಲಯದ ಅಂಗವಾಗಿದೆ. ಹೊಸ ಯಂತ್ರವನ್ನು ರೂಪಿಸುವುದಕ್ಕೆ ಸಿಗುವ ಗೌರವವು ಇರುವ ಯಂತ್ರವನ್ನು ಕಾಪಾಡುವುದಕ್ಕೂ ಸಿಗಬೇಕೆಂಬ ಅರಿವು ಅಂಥ ಒಂದು ವ್ಯಾಸಂಗದ ಹಿಂದಿದೆ.

ಹಾಗೆಂದು ಗಣಕವೇ ಸರ್ವಸ್ವವೆಂದು ಯಾರೂ ತಿಳಿಯಬಾರದು. ಅಣಕು ಕಾರ್ಖಾನೆಯ ಬೆಲೆ ಅದಕ್ಕೆ ಊಡಿದ ಅಂಕಿಅಂಶಗಳ ಬೆಲೆಯಷ್ಟೇ. ಯಾವ ಪಂಪು ಎಂದು ಕೆಟ್ಟಿತು, ಏಕೆ ಕೆಟ್ಟಿತು, ಏನು ಬದಲಿಸಿದೆವು ಎಂಬುದನ್ನು ಪಾಳಿಯ ಪುಸ್ತಕದಲ್ಲಿ ಪ್ರಾಮಾಣಿಕವಾಗಿ ಬರೆದಿಡದ ಕಾರ್ಖಾನೆಗೆ ಯಾವ ಗಣಕವೂ ಬುದ್ಧಿ ಹೇಳಲಾರದು. ತಪ್ಪು ಒಪ್ಪಿಕೊಂಡವನಿಗೆ ಶಿಕ್ಷೆ ಕೊಡುವ ಕಡೆ ಆ ಪುಸ್ತಕದಲ್ಲಿ ಸತ್ಯ ಇರುವುದಿಲ್ಲ. ಅಲ್ಲದೆ ಪರದೆಯ ಮೇಲಿನ ಪಂಪಿಗೆ ವಾಸನೆಯಿಲ್ಲ, ಬಿಸಿಯಿಲ್ಲ, ಜಿಡ್ಡಿಲ್ಲ. ನಟ್ಟು ಬಿಗಿಮಾಡುವ ಹದ ಕೈಗೇ ಬರಬೇಕು. ಗಣಕವು ಯಾವಾಗ ಮತ್ತು ಏಕೆ ಎಂಬುದನ್ನು ಕಲಿಸೀತು. ಹೇಗೆ ಎಂಬುದನ್ನು ಹಿರಿಯ ಕೆಲಸಗಾರನ ಪಕ್ಕದಲ್ಲಿ ನಿಂತೇ ಕಲಿಯಬೇಕು. ನಿವೃತ್ತಿಯಂಚಿನಲ್ಲಿರುವ ಫಿಟ್ಟರನ್ನೂ ಗಣಕ ಬಲ್ಲ ಹುಡುಗನನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದರೆ ಇಬ್ಬರಿಗೂ ಲಾಭ, ಕಾರ್ಖಾನೆಗೂ ಲಾಭ.

ಕೊನೆಯ ಮಾತು

ನಮ್ಮ ಮನೆಗಳಲ್ಲಿ ಮಗ ಎಂಜಿನಿಯರಾದನೆಂದರೆ ಹೆಮ್ಮೆ ಪಡುತ್ತೇವೆ. ಮೇಂಟೆನೆನ್ಸ್ ವಿಭಾಗದಲ್ಲಿ ಕೆಲಸ ಸಿಕ್ಕಿತೆಂದರೆ ಕೆಲವರ ಮುಖ ಸಣ್ಣದಾಗುತ್ತದೆ. ಹೆಣ್ಣು ಕೊಡುವವರೂ ಹಿಂದೆಮುಂದೆ ನೋಡುವುದುಂಟು. ಎಣ್ಣೆ ಮೆತ್ತಿದ ಬಟ್ಟೆ, ರಾತ್ರಿ ಪಾಳಿ, ಹೊತ್ತಲ್ಲದ ಹೊತ್ತಿನಲ್ಲಿ ಬರುವ ಕರೆ ಎಂಬ ಅಳುಕು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಪರಂಪರೆಯ ನಾವೇ ಹೀಗೆ ಅಳೆಯುವುದು ಸಲ್ಲದು. ಸಾವಿರ ಮನೆಗಳ ಅನ್ನ ಮತ್ತು ನೂರಾರು ಜೀವಗಳ ರಕ್ಷಣೆ ಆ ಎಣ್ಣೆಗೈಗಳಲ್ಲಿದೆ.

ಆದುದರಿಂದ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ತಾಂತ್ರಿಕ ಶಿಕ್ಷಣ ಪಡೆಯುತ್ತಿರುವ ಮಕ್ಕಳಿದ್ದರೆ ಯಂತ್ರ ನಿರ್ವಹಣೆಯನ್ನೂ ಅದರ ಗಣಕ ಪಾಠವನ್ನೂ ಕೀಳೆಂದು ಬಿಡದಂತೆ ಹೇಳ��. ಮುಂದಿನ ರಜೆಯ ದಿನ ಎರಡು ದಾಳಗಳನ್ನು ಹಿಡಿದು ಅವರೊಡನೆ ಮೇಲಿನ ಆಟವನ್ನು ಆಡಿ. ನಾಲ್ಕು ತಿಂಗಳ ನಿಯಮ ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋಲುವುದನ್ನು ಅವರೇ ಕಾಣಲಿ. ಮಗನೋ ಅಳಿಯನೋ ರಾತ್ರಿ ಪಾಳಿ ಮುಗಿಸಿ ಬಂದು, ಇಂದು ಏನೂ ಆಗಲಿಲ್ಲ ಎಂದು ಹೇಳಿದರೆ ಅದನ್ನು ಸಪ್ಪೆ ಸುದ್ದಿಯೆಂದು ಕಡೆಗಣಿಸಬೇಡಿ. ಏನೂ ಆಗದಂತೆ ನೋಡಿಕೊಳ್ಳುವುದೇ ಅವರ ಕಾಯಕ. ಜಾತ್ರೆಗೆ ಸುಖವಾಗಿ ತಲುಪಿದ ಮೇಲೆ ಎತ್ತುಗಳ ಬೆನ್ನು ಸವರುವುದರ ಜೊತೆಗೆ, ಹಿಂದಿನ ಸಂಜೆ ಕೀಲೆಣ್ಣೆ ಬಳಿದ ಕೈಗಳಿಗೂ ಒಂದು ಶರಣು ಸಲ್ಲಲಿ.